ಹೆಸರು, ಪಟ್ಟಿ ಮತ್ತು ನೀತಿ: ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ದೇವದಾಸಿ ಸಮೀಕ್ಷೆಗಳು ಹಾಗೂ ಸಾಮಾಜಿಕ ಸಂಶೋಧನೆಯ ವ್ಯಾಸಂಗ

೧. ಪ್ರಸ್ತಾವನೆ

ವಿಶ್ವವಿದ್ಯಾಲಯಗಳಲ್ಲಿ ಸಾಮಾಜಿಕ ನೀತಿ ಹಾಗೂ ಸಾಮಾಜಿಕ ಸಂಶೋಧನೆ ಎಂಬ ವಿಷಯಗಳನ್ನು ಸಾಮಾನ್ಯವಾಗಿ ಸಮಾಜಶಾಸ್ತ್ರ, ಸಮಾಜಕಾರ್ಯ, ಅರ್ಥಶಾಸ್ತ್ರ ವಿಭಾಗಗಳಿಗೆ ಬಿಟ್ಟುಕೊಡಲಾಗಿದೆ. ಕನ್ನಡ ಅಧ್ಯಯನ ವಿಭಾಗಗಳಿಗೆ ಈ ಕ್ಷೇತ್ರದೊಡನೆ ಸಂಬಂಧವಿಲ್ಲವೆಂಬ ಗ್ರಹಿಕೆ ಬಹುಕಾಲದಿಂದ ಬೇರೂರಿದೆ. ಆದರೆ ನೀತಿಯೊಂದು ಕಾಗದದಿಂದ ಕೇರಿಗೆ ಇಳಿಯುವಾಗ ಅದು ಭಾಷೆಯ ಮೂಲಕವೇ ಇಳಿಯಬೇಕಾಗುತ್ತದೆ. ಯಾರನ್ನು ಏನೆಂದು ಕರೆಯಬೇಕು, ಯಾವ ಪ್ರಶ್ನೆಯನ್ನು ಯಾವ ಮಾತಿನಲ್ಲಿ ಕೇಳಬೇಕು, ಉತ್ತರವನ್ನು ಯಾವ ಅಂಕಣದಲ್ಲಿ ಬರೆದುಕೊಳ್ಳಬೇಕು ಎಂಬುವೆಲ್ಲ ಮೂಲತಃ ಪದದ ಪ್ರಶ್ನೆಗಳು. ಪದ ತಪ್ಪಿದರೆ ಪಟ್ಟಿ ತಪ್ಪುತ್ತದೆ. ಪಟ್ಟಿ ತಪ್ಪಿದರೆ ಸವಲತ್ತು ತಲುಪಬೇಕಾದವರನ್ನು ತಲುಪುವುದಿಲ್ಲ.

ಪ್ರಸ್ತುತ ಲೇಖನದಲ್ಲಿ ಈ ಮಾತನ್ನು ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲೂಕುಗಳ ಸಂದರ್ಭದಲ್ಲಿ ಪರಿಶೀಲಿಸುವ ಪ್ರಯತ್ನ ಮಾಡಲಾಗಿದೆ. ಘಟಪ್ರಭಾ ನದಿಯ ಈ ಸೀಮೆ ದೇವದಾಸಿ ಪದ್ಧತಿಯ ನಿರ್ಮೂಲನೆ ಹಾಗೂ ಪುನರ್ವಸತಿಯ ಕಾರ್ಯನೀತಿಗೆ ಪ್ರಯೋಗಭೂಮಿಯಾದ ಪ್ರದೇಶ. ಕಾನೂನು, ಸಮೀಕ್ಷೆ, ಸ್ವಯಂಸೇವಾ ಸಂಸ್ಥೆ, ವಿದೇಶಿ ವಿದ್ವಾಂಸರ ಕ್ಷೇತ್ರಕಾರ್ಯ, ಜಾನಪದ ಸಂಗ್ರಹ ಇವೆಲ್ಲವೂ ಒಂದೇ ಜನವರ್ಗದ ಸುತ್ತ ನಡೆದಿರುವುದರಿಂದ ಸಾಮಾಜಿಕ ಸಂಶೋಧನೆಯ ವಿದ್ಯಾರ್ಥಿಗೆ ಇದು ಉತ್ತಮ ಪಾಠವಾಗಬಲ್ಲದು.

೨. ಸಮೀಕ್ಷೆಯಿಂದ ನೀತಿಗೆ: ಒಂದು ಹಿನ್ನೋಟ

ಸಾಮಾಜಿಕ ನೀತಿಯ ಅಧ್ಯಯನ ಸಮೀಕ್ಷೆಯ ಬೆನ್ನುಹತ್ತಿಯೇ ಬಂದಿತು. ಇಂಗ್ಲೆಂಡಿನಲ್ಲಿ ಚಾರ್ಲ್ಸ್ ಬೂತ್ ಲಂಡನ್ ನಗರದ ಜನಜೀವನ ಹಾಗೂ ದುಡಿಮೆಯನ್ನು ಕುರಿತು ನಡೆಸಿದ ಸಮೀಕ್ಷೆಯ ಮೊದಲ ಸಂಪುಟ ೧೮೮೯ರಲ್ಲಿ ಪ್ರಕಟವಾಯಿತು. ಸೀಬೋಮ್ ರೌಂಟ್ರಿ ೧೮೯೯ರಲ್ಲಿ ಯಾರ್ಕ್ ಪಟ್ಟಣದ ಕಾರ್ಮಿಕ ಕುಟುಂಬಗಳ ಬಡತನವನ್ನು ಅಳೆದು ೧೯೦೧ರಲ್ಲಿ ಅದರ ಫಲಿತಗಳನ್ನು ಮುಂದಿಟ್ಟನು. ಬಡತನವು ವ್ಯಕ್ತಿಯ ಸೋಮಾರಿತನದ ಫಲವೆಂಬ ನಂಬಿಕೆಯನ್ನು ಈ ಅಂಕಿಗಳು ಅಲುಗಾಡಿಸಿದವು. ೧೯೦೮ರ ವೃದ್ಧಾಪ್ಯ ಪಿಂಚಣಿ ಕಾಯಿದೆಯಂತಹ ಕ್ರಮಗಳಿಗೆ ಇಂತಹ ಶೋಧನೆಗಳು ನೆಲ ಹದಮಾಡಿದವು. ೧೯೫೦ರಲ್ಲಿ ರಿಚರ್ಡ್ ಟಿಟ್ಮಸ್ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಸಾಮಾಜಿಕ ಆಡಳಿತದ ಪ್ರಾಧ್ಯಾಪಕನಾದ ಮೇಲೆ ಈ ವಿಷಯಕ್ಕೆ ಸ್ವತಂತ್ರ ಶಿಸ್ತಿನ ಸ್ಥಾನ ದೊರೆಯಿತು. ಭಾರತದಲ್ಲಿ ೧೯೩೬ರಲ್ಲಿ ಮುಂಬಯಿಯಲ್ಲಿ ಆರಂಭವಾಗಿ, ಮುಂದೆ ಟಾಟಾ ಸಮಾಜವಿಜ್ಞಾನ ಸಂಸ್ಥೆಯೆಂದು ಹೆಸರಾದ ಶಾಲೆ ಈ ಬಗೆಯ ವ್ಯಾಸಂಗಕ್ಕೆ ದಾರಿ ತೆರೆಯಿತು.

ಬೂತ್ ಮತ್ತು ರೌಂಟ್ರಿ ಎಣಿಸುವ ಮುನ್ನ ಹೆಸರಿಟ್ಟರೆಂಬುದು ಇಲ್ಲಿ ಗಮನಾರ್ಹ. ಬಡವ, ಕಡುಬಡವ ಎಂಬ ವರ್ಗಗಳನ್ನು ಮೊದಲು ಕಟ್ಟಿಕೊಂಡು ಅನಂತರ ಕುಟುಂಬಗಳನ್ನು ಅವುಗಳಲ್ಲಿ ಹಂಚಿದರು. ತತ್ತ್ವಶಾಸ್ತ್ರಜ್ಞ ಇಯಾನ್ ಹ್ಯಾಕಿಂಗ್ ೧೯೮೬ರ ಪ್ರಬಂಧವೊಂದರಲ್ಲಿ, ಎಣಿಕೆಗಾಗಿ ರೂಪಿಸಿದ ವರ್ಗಗಳು ಕಾಲಕ್ರಮದಲ್ಲಿ ಆ ವರ್ಗಕ್ಕೆ ಸೇರಿದ ಜನರನ್ನೇ ರೂಪಿಸತೊಡಗುತ್ತವೆ ಎಂಬ ವಿಚಾರವನ್ನು ಮಂಡಿಸಿದನು. ನಮ್ಮಲ್ಲಿ ದೇವದಾಸಿ ಎಂಬ ಪದದ ಚರಿತ್ರೆ ಈ ವಿಚಾರಕ್ಕೆ ಒಳ್ಳೆಯ ನಿದರ್ಶನ.

೩. ಪದದ ಚರಿತ್ರೆ

ದೇವರಿಗೆ ಬಿಟ್ಟ ಹೆಣ್ಣುಮಕ್ಕಳನ್ನು ಕನ್ನಡ ನಾಡು ಒಂದೇ ಹೆಸರಿನಿಂದ ಕರೆದಿಲ್ಲ. ಶಾಸನಗಳಲ್ಲಿ ಸೂಳೆ, ಪಾತ್ರ ಮೊದಲಾದ ಪದಗಳು ದೇಗುಲದ ಸೇವಾವರ್ಗದ ಸಂದರ್ಭದಲ್ಲಿ ಬರುತ್ತವೆ. ಅಲ್ಲಿ ಅವು ಇಂದಿನ ಬೈಗುಳದ ಅರ್ಥವನ್ನು ಹೊತ್ತಿಲ್ಲ. ಹನ್ನೆರಡನೆಯ ಶತಮಾನದ ವಚನಕಾರ್ತಿಯರಲ್ಲಿ ಸೂಳೆ ಸಂಕವ್ವೆ ಎಂಬ ಹೆಸರು ಹಾಗೆಯೇ ಉಳಿದು ಬಂದಿದೆ. ಬಳ್ಳಾರಿ, ರಾಯಚೂರು ಸೀಮೆಯಲ್ಲಿ ಬಸವಿ ಎಂಬುದು ರೂಢಿ. ಅಲ್ಲಿ ಬಸವಿ ಬಿಟ್ಟ ಮಗಳು ತವರಿನಲ್ಲಿಯೇ ಉಳಿದು ಗಂಡುಮಗನಂತೆ ಮನೆತನವನ್ನು ಮುಂದುವರಿಸುವ ಕಟ್ಟಳೆ ಇತ್ತು. ಸವದತ್ತಿ ಯಲ್ಲಮ್ಮನ ಪ್ರಭಾವವಲಯಕ್ಕೆ ಸೇರಿದ ಬೆಳಗಾವಿ ಸೀಮೆಯಲ್ಲಿ ಜೋಗತಿ, ಜೋಗಮ್ಮ ಎನ್ನುತ್ತಾರೆ. ಗಂಡುಮಕ್ಕಳಾದರೆ ಜೋಗಪ್ಪ. ಅರ್ಪಣೆಯ ವಿಧಿಗೆ ಮುತ್ತು ಕಟ್ಟುವುದು ಎಂದು ಹೆಸರು. ಮುತ್ತು, ಭಂಡಾರ, ಪಡ್ಡಲಗಿ, ಕೊಡ, ಚೌಡಿಕೆ ಇವು ಈ ಬದುಕಿನ ಚಿಹ್ನೆಗಳು.

ದೇವದಾಸಿ ಎಂಬ ಸಂಸ್ಕೃತ ಪದ ಇವೆಲ್ಲವನ್ನೂ ಒಳಗೊಳ್ಳುವ ಸಾಮಾನ್ಯ ಹೆಸರಾಗಿ ನೆಲೆಗೊಂಡದ್ದು ಆಧುನಿಕ ಕಾಲದ ಸುಧಾರಣಾ ಚಳವಳಿ ಮತ್ತು ಶಾಸನಸಭೆಗಳ ಮೂಲಕ. ಮೈಸೂರು ಸಂಸ್ಥಾನ ೧೯೦೯ರಲ್ಲಿ ಮುಜರಾಯಿ ದೇವಾಲಯಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತು. ಮದರಾಸು ಪ್ರಾಂತದಲ್ಲಿ ಮುತ್ತುಲಕ್ಷ್ಮಿ ರೆಡ್ಡಿಯವರು ೧೯೨೦ರ ದಶಕದ ಕೊನೆಯಿಂದ ನಡೆಸಿದ ಪ್ರಯತ್ನ ೧೯೪೭ರ ಕಾಯಿದೆಯಲ್ಲಿ ಫಲಿಸಿತು. ಬೆಳಗಾವಿ ಜಿಲ್ಲೆ ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದರಿಂದ ಇಲ್ಲಿಗೆ ಅನ್ವಯಿಸಿದ್ದು ೧೯೩೪ರ ಮುಂಬಯಿ ದೇವದಾಸಿ ಸಂರಕ್ಷಣಾ ಕಾಯಿದೆ. ಈ ಚರ್ಚೆಗಳ ಮುಂದೆ ಮುಖ್ಯವಾಗಿ ಇದ್ದ ಚಿತ್ರ ಗುಡಿಯ ಆಸ್ತಿ, ಇನಾಮು ಭೂಮಿ, ನೃತ್ಯಸಂಗೀತಗಳೊಡನೆ ಬದುಕಿದ ದೇವಾಲಯದ ಕಲಾವಿದೆಯದು. ಗೋಕಾಕ, ಹುಕ್ಕೇರಿ ಸೀಮೆಯ ದಲಿತ ಕೇರಿಗಳ ಜೋಗತಿಗೆ ಇನಾಮು ಭೂಮಿಯೂ ಇಲ್ಲ, ದೇಗುಲದ ಸಂಬಳವೂ ಇಲ್ಲ. ಊರು ತಿರುಗಿ ಜೋಗ ಬೇಡುವುದು, ಹೊಲದಲ್ಲಿ ಕೂಲಿ ಮಾಡುವುದು, ಉಳ್ಳವನೊಬ್ಬನ ಆಸರೆಗೆ ಒಳಗಾಗುವುದು, ಇಲ್ಲವೆ ಮುಂಬಯಿ, ಪುಣೆಗಳ ವೇಶ್ಯಾವಾಟಿಕೆ ಸೇರುವುದು ಇವೇ ಅವಳ ಮುಂದಿದ್ದ ದಾರಿಗಳು. ಒಂದೇ ಹೆಸರು ಎರಡು ಭಿನ್ನ ಸಾಮಾಜಿಕ ಸ್ಥಿತಿಗಳನ್ನು ಮುಚ್ಚಿತು.

ಈ ವ್ಯತ್ಯಾಸವನ್ನು ಜಾತಿಯ ದೃಷ್ಟಿಯಿಂದ ಸ್ಪಷ್ಟವಾಗಿ ಕಂಡವರಲ್ಲಿ ಡಾ. ಬಿ. ಆರ್. ಅಂಬೇಡ್ಕರ್ ಒಬ್ಬರು. ಅವರು ೧೯೩೬ರಲ್ಲಿ ಮುಂಬಯಿಯಲ್ಲಿ ಮುರಳಿ, ಜೋಗತಿ, ದೇವದಾಸಿಯರನ್ನು ಉದ್ದೇಶಿಸಿ ಮಾತನಾಡಿ ಆ ಬದುಕನ್ನು ತೊರೆಯುವಂತೆ ಕರೆ ಕೊಟ್ಟರು. ಅದು ದೇಗುಲದ ಸುಧಾರಣೆಯ ಮಾತಾಗಿರಲಿಲ್ಲ, ದಲಿತ ಸಮುದಾಯದ ಘನತೆಯ ಮಾತಾಗಿತ್ತು. ಮುಂದೆ ೧೯೭೫ರಲ್ಲಿ ಹುಕ್ಕೇರಿ ತಾಲೂಕಿಗೆ ಹೊಂದಿಕೊಂಡಿರುವ ಮಹಾರಾಷ್ಟ್ರದ ಗಡಹಿಂಗ್ಲಜದಲ್ಲಿ ದೇವದಾಸಿಯರ ಪರಿಷತ್ತು ನಡೆದದ್ದು ಈ ಪರಂಪರೆಯ ಮುಂದುವರಿಕೆ.

೪. ಕಾನೂನು ಮತ್ತು ಗಡಿ

ಕರ್ನಾಟಕ ದೇವದಾಸಿ ಅರ್ಪಣೆ ನಿಷೇಧ ಕಾಯಿದೆ ೧೯೮೨ರಲ್ಲಿ ರೂಪುಗೊಂಡು ೧೯೮೪ರಲ್ಲಿ ಜಾರಿಗೆ ಬಂದಿತು. ಯಾವುದೇ ಹೆಸರಿನ ವಿಧಿಯಿಂದ ಹೆಣ್ಣನ್ನು ದೇವರಿಗೆ ಅರ್ಪಿಸುವುದನ್ನು ಅದು ಅಪರಾಧವೆಂದು ಸಾರಿತು. ಅರ್ಪಣೆಯ ವಿಧಿಯನ್ನು ನಡೆಸುವವರಿಗೆ ಅಥವಾ ಅದಕ್ಕೆ ನೆರವಾಗುವವರಿಗೆ ೩ ವರ್ಷದವರೆಗೆ ಸೆರೆವಾಸ. ಅವರು ತಂದೆ, ತಾಯಿ, ಪಾಲಕ ಅಥವಾ ಸಂಬಂಧಿಯಾಗಿದ್ದರೆ ೨ರಿಂದ ೫ ವರ್ಷಗಳ ಸೆರೆವಾಸ. ಅರ್ಪಿತಳಾದ ಮಹಿಳೆ ಮಾಡಿಕೊಂಡ ವಿವಾಹ ರೂಢಿಯ ಕಾರಣದಿಂದ ಅಸಿಂಧುವಾಗುವುದಿಲ್ಲ ಎಂಬುದನ್ನೂ ಕಾಯಿದೆ ಸ್ಪಷ್ಟಪಡಿಸಿತು.

ಕಾನೂನಿನ ಆಶಯ ಪ್ರಶ್ನಾತೀತ. ಆದರೆ ಸಂಶೋಧಕನು ಅದರ ಒಂದು ಪರಿಣಾಮವನ್ನು ಮರೆಯುವಂತಿಲ್ಲ. ೧೯೮೪ರ ತರುವಾಯ ಮುತ್ತು ಕಟ್ಟಿಸಿಕೊಂಡವಳು ಸಮೀಕ್ಷಕನ ಮುಂದೆ ನಿಜ ನುಡಿದರೆ ಅದು ತನ್ನ ತಾಯಿತಂದೆಯರ ಮೇಲೆ ಹೊರಿಸಿದ ಆರೋಪವಾಗುತ್ತದೆ. ಎಷ್ಟನೆಯ ವಯಸ್ಸಿನಲ್ಲಿ ಮುತ್ತು ಕಟ್ಟಿದರು, ಯಾರು ಕಟ್ಟಿದರು ಎಂಬ ಪ್ರಶ್ನೆ ಸಂಶೋಧಕನಿಗೆ ಮಾಹಿತಿ. ಅವಳಿಗೆ ಅದು ಮನೆಯವರ ಸೆರೆವಾಸ. ಆದ್ದರಿಂದ ಎಳೆಯ ವಯಸ್ಸಿನವರ ಸಂಖ್ಯೆ ಪಟ್ಟಿಗಳಲ್ಲಿ ಕಡಿಮೆ ಕಂಡರೆ ಅದನ್ನು ಪದ್ಧತಿ ಕ್ಷೀಣಿಸಿದ್ದಕ್ಕೆ ಮಾತ್ರವೇ ಸಾಕ್ಷ್ಯವೆಂದು ಓದಲಾಗದು. ಮೌನಕ್ಕೂ ಸಾಕ್ಷ್ಯವೆಂದು ಓದಬೇಕಾಗುತ್ತದೆ. ಎರಡರಲ್ಲಿ ಯಾವುದು ಎಷ್ಟು ಎಂಬುದನ್ನು ಸಂಖ್ಯೆಯೊಂದೇ ಹೇಳಲಾರದು.

ಗಡಿಯ ಸಮಸ್ಯೆಯೂ ಇದರ ಜೊತೆ ಸೇರಿಕೊಂಡಿದೆ. ಯಲ್ಲಮ್ಮನ ಭಕ್ತಿಗೆ ರಾಜ್ಯದ ಗಡಿ ಇಲ್ಲ. ಕೊಲ್ಲಾಪುರ, ಸಾಂಗಲಿ, ಸೊಲ್ಲಾಪುರಗಳಿಂದ ಸವದತ್ತಿಗೂ ಅಥಣಿ ತಾಲೂಕಿನ ಕೊಕಟನೂರಿಗೂ ಜನ ಬರುತ್ತಾರೆ. ಹುಕ್ಕೇರಿ, ಸಂಕೇಶ್ವರದ ಕುಟುಂಬಗಳಿಗೆ ಗಡಿಯಾಚೆಯ ಊರುಗಳೊಡನೆ ಬೀಗತನ ಸಾಮಾನ್ಯ. ಮಹಾರಾಷ್ಟ್ರದಲ್ಲಿ ದೇವದಾಸಿ ಪದ್ಧತಿ ನಿರ್ಮೂಲನ ಕಾಯಿದೆ ಬಂದದ್ದು ೨೦೦೫ರಲ್ಲಿ. ಈಚೆ ಹುಟ್ಟಿ, ಆಚೆ ಮುತ್ತು ಕಟ್ಟಿಸಿಕೊಂಡು, ಮುಂಬಯಿಯಲ್ಲಿ ಬಾಳಿ, ಮುಪ್ಪಿನಲ್ಲಿ ತವರಿಗೆ ಮರಳಿದವಳನ್ನು ಯಾವ ರಾಜ್ಯದ ಪಟ್ಟಿಯಲ್ಲಿ ಹುಡುಕಬೇಕು? ಸಮೀಕ್ಷೆ ನಡೆದ ದಿನ ಊರಲ್ಲಿ ಇಲ್ಲದವಳು ಎರಡೂ ಪಟ್ಟಿಗಳಿಂದ ಹೊರಗುಳಿಯುವ ಸಂಭವವೇ ಹೆಚ್ಚು.

೫. ಎರಡು ಸಮೀಕ್ಷೆಗಳು

೧೯೮೭ರಲ್ಲಿ ಸ್ಥಾಪಿತವಾದ ಕರ್ನಾಟಕ ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದ ಮೂಲಕ ರಾಜ್ಯದಲ್ಲಿ ಎರಡು ಬಾರಿ ದೇವದಾಸಿಯರ ಸಮೀಕ್ಷೆ ನಡೆಯಿತು. ೧೯೯೩-೯೪ರ ಸಮೀಕ್ಷೆ ೨೨,೮೭೩ ಮಹಿಳೆಯರನ್ನು ಗುರುತಿಸಿತು. ೨೦೦೭-೦೮ರ ಸಮೀಕ್ಷೆ ೨೩,೭೮೭ ಮಹಿಳೆಯರನ್ನು ಗುರುತಿಸಿತು. ಎರಡನ್ನೂ ಕೂಡಿಸಿ ೪೬,೬೬೦ ಎಂಬ ಸಂಖ್ಯೆಯನ್ನು ಸರ್ಕಾರಿ ದಾಖಲೆಗಳಲ್ಲಿಯೂ ಪತ್ರಿಕೆಗಳಲ್ಲಿಯೂ ಬಳಸುತ್ತ ಬರಲಾಗಿದೆ. ಮಾಸಾಶನ, ವಸತಿ, ಸಾಲ ಮತ್ತು ಸಹಾಯಧನದ ಯೋಜನೆಗಳು ಈ ಪಟ್ಟಿಗಳಲ್ಲಿ ಹೆಸರಿದ್ದವರಿಗೆ ಮಾತ್ರವೇ ದೊರೆಯುವಂತೆ ರೂಪುಗೊಂಡವು.

ಈ ಮೂರು ಸಂಖ್ಯೆಗಳನ್ನು ಓದುವ ಬಗೆಯನ್ನೇ ಒಂದು ತರಗತಿಯ ಪಾಠವನ್ನಾಗಿ ಮಾಡಬಹುದು. ಮೊದಲನೆಯದಾಗಿ, ಎರಡನೆಯ ಸಂಖ್ಯೆ ಮೊದಲನೆಯದಕ್ಕಿಂತ ಹೆಚ್ಚಿರುವುದರಿಂದ ಪದ್ಧತಿ ಹೆಚ್ಚಿತೆಂದು ತೀರ್ಮಾನಿಸುವುದು ತಪ್ಪಾಗುತ್ತದೆ. ಎರಡನ್ನೂ ಕೂಡಿಸುತ್ತಾರೆ ಎಂದ ಮೇಲೆ ಎರಡನೆಯ ಸಮೀಕ್ಷೆ ಮೊದಲಿನ ಪಟ್ಟಿಯ ಹೊರಗಿದ್ದವರನ್ನು ಸೇರಿಸಿತು ಎಂದರ್ಥ. ಅವರಲ್ಲಿ ಎಷ್ಟೋ ಜನ ಮೊದಲ ಸಮೀಕ್ಷೆಯ ವೇಳೆಗೇ ಮುತ್ತು ಕಟ್ಟಿಸಿಕೊಂಡಿದ್ದವರಾಗಿರಬೇಕು. ಹಾಗಿದ್ದರೆ ಮೊದಲ ಪಟ್ಟಿಯ ಹೊರಗೆ ಉಳಿದವರ ಪ್ರಮಾಣ ಒಳಗಿದ್ದವರ ಪ್ರಮಾಣಕ್ಕೆ ಸಮೀಪವಿದ್ದಿತೆಂಬ ಗಂಭೀರ ಸಾಧ್ಯತೆ ಎದುರಾಗುತ್ತದೆ.

ಎರಡನೆಯದಾಗಿ, ಕೂಡಿಸಿದ ಮೊತ್ತ ಯಾವುದೇ ಒಂದು ದಿನ ಜೀವಂತವಿದ್ದವರ ಸಂಖ್ಯೆಯಲ್ಲ. ಎರಡು ಸಮೀಕ್ಷೆಗಳ ನಡುವೆ ಸುಮಾರು ೧೪ ವರ್ಷಗಳ ಅಂತರವಿದೆ. ಆ ಅವಧಿಯಲ್ಲಿ ಏಡ್ಸ್ ಸೋಂಕು ಉತ್ತರ ಕರ್ನಾಟಕದ ಈ ಸೀಮೆಯನ್ನು ಬಹಳವಾಗಿ ಬಾಧಿಸಿತ್ತು. ತೀರಿಕೊಂಡವರ ಹೆಸರು ಕಳೆಯದೆ ಹೊಸ ಹೆಸರು ಕೂಡಿಸಿದ ಮೊತ್ತ ಆಡಳಿತದ ಕಡತಕ್ಕೆ ಒದಗಬಹುದು. ಜನಸಂಖ್ಯೆಯ ಅಧ್ಯಯನಕ್ಕೆ ಅದನ್ನು ನೇರವಾಗಿ ಬಳಸಲಾಗದು.

ಮೂರನೆಯದಾಗಿ, ಪಟ್ಟಿಗೆ ಸವಲತ್ತು ಅಂಟಿಕೊಂಡ ಮೇಲೆ ಪಟ್ಟಿಯ ಸ್ವಭಾವವೇ ಬದಲಾಗುತ್ತದೆ. ೧೯೯೩ರಲ್ಲಿ ಅವಮಾನಕ್ಕೆ ಅಂಜಿ ಹೆಸರು ಬರೆಯಿಸದವಳು ಮಾಸಾಶನದ ಸುದ್ದಿ ಕೇಳಿ ಮುಂದೆ ಬರೆಯಿಸಿರಬಹುದು. ಮಕ್ಕಳ ಮದುವೆ ಕೆಡುತ್ತದೆಂದು ೨೦೦೭ರಲ್ಲಿಯೂ ಬರೆಯಿಸದೆ ಉಳಿದವಳೂ ಇರಬಹುದು. ಹೆಸರು ಬರೆಯಿಸುವುದು ಅವಳ ಪಾಲಿಗೆ ಒಂದು ತೂಗಿನೋಡುವ ನಿರ್ಧಾರ. ಸಮೀಕ್ಷೆಯನ್ನು ನಿಶ್ಚಲ ವಾಸ್ತವದ ಛಾಯಾಚಿತ್ರವೆಂದು ತಿಳಿಯುವ ವಿದ್ಯಾರ್ಥಿಗೆ ಈ ಅಂಶ ಮೊದಲು ಮನವರಿಕೆಯಾಗಬೇಕು.

೬. ಮೂಡಲಗಿಯ ಪ್ರಶ್ನೆ

ಗೋಕಾಕ ತಾಲೂಕಿನಿಂದ ಬೇರ್ಪಟ್ಟು ಮೂಡಲಗಿ ತಾಲೂಕು ಅಸ್ತಿತ್ವಕ್ಕೆ ಬಂದದ್ದು ೨೦೧೮ರಲ್ಲಿ. ಆದುದರಿಂದ ೧೯೯೩-೯೪ರ ಸಮೀಕ್ಷೆ, ೨೦೦೭-೦೮ರ ಸಮೀಕ್ಷೆ, ೨೦೧೧ರ ಜನಗಣತಿ ಈ ಮೂರರಲ್ಲಿಯೂ ಮೂಡಲಗಿಯ ಹಳ್ಳಿಗಳು ಗೋಕಾಕದ ಲೆಕ್ಕದಲ್ಲಿ ಸೇರಿಹೋಗಿವೆ. ಮೂಡಲಗಿಯನ್ನು ಕುರಿತು ಮಹಾಪ್ರಬಂಧ ಬರೆಯಹೊರಟ ಸಂಶೋಧನಾರ್ಥಿಗೆ ತಾಲೂಕು ಮಟ್ಟದ ಹಿಂದಿನ ಅಂಕಿಗಳು ಸಿದ್ಧರೂಪದಲ್ಲಿ ದೊರೆಯುವುದಿಲ್ಲ. ಹಳೆಯ ಗೋಕಾಕದ ಒಟ್ಟು ಸಂಖ್ಯೆಯನ್ನು ಇಂದಿನ ಗೋಕಾಕದ ಸಂಖ್ಯೆಯೊಡನೆ ಹೋಲಿಸಿದರೆ ಇಳಿಕೆಯೊಂದು ಕಂಡೇ ಕಾಣುತ್ತದೆ. ಅದು ಪದ್ಧತಿಯ ಇಳಿಕೆಯಲ್ಲ, ನಕ್ಷೆಯ ಬದಲಾವಣೆ.

ಇದಕ್ಕೆ ಪರಿಹಾರವೆಂದರೆ ಹಳ್ಳಿಯನ್ನೇ ಮೂಲ ಘಟಕವಾಗಿ ಇಟ್ಟುಕೊಳ್ಳುವುದು. ೨೦೧೧ರ ಜನಗಣತಿಯ ಗ್ರಾಮವಾರು ಪಟ್ಟಿಯಿಂದ ಇಂದಿನ ಮೂಡಲಗಿಗೆ ಸೇರಿದ ಊರುಗಳನ್ನು ಬೇರ್ಪಡಿಸಿ, ಹಿಂದಿನ ದತ್ತಾಂಶವನ್ನು ಕೆಳಗಿನಿಂದ ಮೇಲಕ್ಕೆ ಮರುಜೋಡಿಸಬೇಕು. ಶ್ರಮದ ಕೆಲಸವಾದರೂ ಸಾಧ್ಯವಾದ ಕೆಲಸ. ಕನ್ನಡ ವಿಭಾಗಗಳಲ್ಲಿ ಸ್ಥಳನಾಮಗಳ ಅಧ್ಯಯನಕ್ಕೆ ದೀರ್ಘ ಪರಂಪರೆಯಿದೆ. ಒಂದೇ ಊರು ಹಳೆಯ ದಾಖಲೆಯಲ್ಲಿ ಒಂದು ಬಗೆಯಲ್ಲಿ, ಜನಗಣತಿಯಲ್ಲಿ ಇನ್ನೊಂದು ಬಗೆಯಲ್ಲಿ ಬರೆಯಲ್ಪಟ್ಟಿರುವಾಗ ಅವು ಒಂದೇ ಎಂದು ನಿರ್ಧರಿಸಬಲ್ಲ ತರಬೇತಿ ನಮ್ಮ ವಿದ್ಯಾರ್ಥಿಗಳಿಗಿದೆ. ಅದು ಇಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತದೆ.

೭. ಪ್ರಶ್ನಾವಳಿಯ ಕನ್ನಡ

ಸಾಮಾಜಿಕ ಸಂಶೋಧನೆಯ ಬಹುಪಾಲು ಪ್ರಶ್ನಾವಳಿಗಳು ಇಂಗ್ಲಿಷಿನಲ್ಲಿ ಹುಟ್ಟಿ ಗ್ರಾಂಥಿಕ ಕನ್ನಡಕ್ಕೆ ಅನುವಾದಗೊಂಡು ಕೇರಿಯನ್ನು ತಲುಪುತ್ತವೆ. ‘ನಿಮ್ಮ ವೈವಾಹಿಕ ಸ್ಥಿತಿ ಯಾವುದು?’ ಎಂಬ ಸರಳ ಪ್ರಶ್ನೆಯನ್ನೇ ತೆಗೆದುಕೊಳ್ಳೋಣ. ಜನಗಣತಿಯಲ್ಲಿ ಇದಕ್ಕೆ ಅವಿವಾಹಿತೆ, ವಿವಾಹಿತೆ, ವಿಧವೆ, ಗಂಡನಿಂದ ಬೇರ್ಪಟ್ಟವಳು, ವಿಚ್ಛೇದಿತೆ ಎಂಬ ಉತ್ತರಗಳಿವೆ. ಮುತ್ತು ಕಟ್ಟಿಸಿಕೊಂಡವಳು ಇವುಗಳಲ್ಲಿ ಯಾವುದಕ್ಕೆ ಸೇರುತ್ತಾಳೆ? ಅವಳ ತಿಳಿವಳಿಕೆಯಲ್ಲಿ ಅವಳಿಗೆ ದೇವರೊಡನೆ ಲಗ್ನವಾಗಿದೆ. ರಂಡಿ ಹುಣ್ಣಿಮೆಗೆ ಬಳೆ ಒಡೆದು, ಮುತ್ತೈದೆ ಹುಣ್ಣಿಮೆಗೆ ಮತ್ತೆ ಬಳೆ ಇಡುವ ಆಚರಣೆಯೊಳಗೆ ಅವಳು ವರ್ಷವೂ ವಿಧವೆಯಾಗಿ ವರ್ಷವೂ ಮುತ್ತೈದೆಯಾಗುತ್ತಾಳೆ. ಕಾನೂನಿನ ಕಣ್ಣಿನಲ್ಲಿ ಅವಳು ಅವಿವಾಹಿತೆ. ಅವಳೊಡನೆ ಬಾಳಿದವನು ಸತ್ತರೆ ವಿಧವಾ ವೇತನಕ್ಕೆ ಅವಳು ಅರ್ಹಳಲ್ಲ. ಸಮೀಕ್ಷಕ ಯಾವ ಅಂಕಣದಲ್ಲಿ ಗುರುತು ಹಾಕಿದರೂ ಅದು ಅವಳ ಮಾತಿನ ಅನುವಾದವಾಗಿರುತ್ತದೆ. ಅನುವಾದದಲ್ಲಿ ಬಿಟ್ಟುಹೋದದ್ದೇ ಅವಳ ನಿಜಸ್ಥಿತಿಯಾಗಿರುತ್ತದೆ.

‘ಮಾಜಿ ದೇವದಾಸಿ’ ಎಂಬ ಸರ್ಕಾರಿ ಪದವೂ ಪರಿಶೀಲನೆಗೆ ಯೋಗ್ಯವಾಗಿದೆ. ಮಾಜಿ ಎಂದರೆ ಹಿಂದೆ ಇದ್ದು ಈಗ ಇಲ್ಲದವರು. ಒಬ್ಬ ಮಹಿಳೆ ಯಾವ ಗಳಿಗೆಯಿಂದ ಮಾಜಿಯಾಗುತ್ತಾಳೆ? ಕಾಯಿದೆ ಜಾರಿಯಾದ ದಿನದಿಂದಲೇ, ಮುತ್ತು ಬಿಚ್ಚಿದ ದಿನದಿಂದಲೇ, ಜಡೆ ಕತ್ತರಿಸಿದ ದಿನದಿಂದಲೇ ಅಥವಾ ಪಟ್ಟಿಯಲ್ಲಿ ಹೆಸರು ಬಂದ ದಿನದಿಂದಲೇ? ಸುಧಾರಣಾ ಅಭಿಯಾನಗಳಲ್ಲಿ ಜಡೆ ಕತ್ತರಿಸುವುದಕ್ಕೂ ಮುತ್ತು ಬಿಡಿಸುವುದಕ್ಕೂ ಮಹತ್ವವಿತ್ತು. ಅಮೆರಿಕದ ಮಾನವಶಾಸ್ತ್ರಜ್ಞೆ ಲುಸಿಂಡಾ ರ್‍ಯಾಂಬರ್ಗ್ ಉತ್ತರ ಕರ್ನಾಟಕದ ಕ್ಷೇತ್ರಕಾರ್ಯವನ್ನು ಆಧರಿಸಿ ೨೦೧೪ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ದೇವಿಯೊಡನೆ ಜೋಗತಿಯರ ಸಂಬಂಧವನ್ನು ಬಂಧುತ್ವದ ಒಂದು ಬಗೆಯಾಗಿ ನೋಡಬೇಕೆಂದು ವಾದಿಸುತ್ತಾಳೆ. ಇದಕ್ಕೆ ಮೊದಲು ೧೯೯೦ರಲ್ಲಿ ಬಂದ ಜೋಗನ್ ಶಂಕರ್ ಅವರ ಸಮಾಜಶಾಸ್ತ್ರೀಯ ಅಧ್ಯಯನದ ನೋಟ ಬೇರೆ. ಅಲ್ಲಿ ಪದ್ಧತಿಯನ್ನು ಜಾತಿ ಮತ್ತು ಶೋಷಣೆಯ ಚೌಕಟ್ಟಿನಲ್ಲಿ ನೋಡಲಾಗಿದೆ.

ಈ ಎರಡು ನೋಟಗಳಲ್ಲಿ ಒಂದನ್ನು ಆರಿಸಿಕೊಂಡು ಇನ್ನೊಂದನ್ನು ತಳ್ಳಿಹಾಕುವುದು ಸುಲಭ. ಆದರೆ ಅವು ಉತ್ತರಿಸುವ ಪ್ರಶ್ನೆಗಳೇ ಬೇರೆ. ಮುತ್ತು ಕಟ್ಟುವ ಮನೆಗಳು ಬಹುಪಾಲು ಪರಿಶಿಷ್ಟ ಜಾತಿಯ ಬಡವರ ಮನೆಗಳೇ ಏಕಾಗಿವೆ ಎಂಬುದಕ್ಕೆ ಬಂಧುತ್ವದ ವಿಶ್ಲೇಷಣೆ ಪೂರ್ಣ ಉತ್ತರ ಕೊಡುವುದಿಲ್ಲ. ಮುತ್ತು ಬಿಚ್ಚಿದ ಮೇಲೂ ಮುಪ್ಪಿನವಳೊಬ್ಬಳು ಕೊಡ ಹೊತ್ತು ಗುಡ್ಡಕ್ಕೆ ಹೋಗುವುದೇಕೆ ಎಂಬುದಕ್ಕೆ ಶೋಷಣೆಯ ಚೌಕಟ್ಟು ಪೂರ್ಣ ಉತ್ತರ ಕೊಡುವುದಿಲ್ಲ. ಅರ್ಪಣೆ ನಿಲ್ಲಬೇಕೆಂಬ ನೀತಿಯ ಗುರಿಯಲ್ಲಿ ಭಿನ್ನಾಭಿಪ್ರಾಯಕ್ಕೆ ಎಡೆಯಿಲ್ಲ. ಆ ಗುರಿಯೆಡೆಗೆ ಹೋಗುವಾಗ ಈಗಾಗಲೇ ಆ ಬದುಕನ್ನು ಬಾಳಿದವರ ಮಾತನ್ನು ಕೇಳಿಸಿಕೊಳ್ಳುವುದು ಅಗತ್ಯವೆಂಬುದಷ್ಟೇ ಇಲ್ಲಿಯ ವಾದ.

೮. ತಂದೆಯ ಹೆಸರು

ಶಾಲೆಯ ದಾಖಲಾತಿ, ಜಾತಿ ಪ್ರಮಾಣಪತ್ರ, ಪಡಿತರ ಚೀಟಿ ಮೊದಲಾದ ಕಡೆಗಳಲ್ಲೆಲ್ಲ ಎದುರಾಗುವ ‘ತಂದೆಯ ಹೆಸರು’ ಎಂಬ ಅಂಕಣ ಈ ಕುಟುಂಬಗಳ ಮಕ್ಕಳಿಗೆ ಬಹುಕಾಲ ಅಡ್ಡಿಯಾಗಿತ್ತು. ಅಂಕಣ ಖಾಲಿ ಬಿಟ್ಟರೆ ಪ್ರಶ್ನೆ, ತುಂಬಿದರೆ ಇನ್ನೊಂದು ಪ್ರಶ್ನೆ. ಈ ಅಂಕಣವನ್ನು ಸಹಜವೆಂದು ತಿಳಿಯುವ ಮುನ್ನ ನಮ್ಮ ಶಾಸನಗಳತ್ತ ನೋಡಬೇಕು. ಬಾದಾಮಿ ಚಾಲುಕ್ಯರ ವಿಜಯಾದಿತ್ಯನ ಕಾಲದ ಮಹಾಕೂಟದ ಶಾಸನದಲ್ಲಿ ಅವನ ಪ್ರಾಣವಲ್ಲಭೆ ವಿನಾಪೋಟಿಯ ದಾನದ ಉಲ್ಲೇಖವಿದೆ. ಅಲ್ಲಿ ಅವಳ ಪರಿಚಯ ತಾಯಿ ಮತ್ತು ಅಜ್ಜಿಯ ಹೆಸರುಗಳ ಮೂಲಕ ಬರುತ್ತದೆ. ತಂದೆಯ ಹೆಸರಿನ ಮೂಲಕವಲ್ಲ. ಎಂಟನೆಯ ಶತಮಾನದ ಕಲ್ಲು ಒಪ್ಪಿಕೊಂಡ ತಾಯಿಸಾಲಿನ ಗುರುತನ್ನು ಇಪ್ಪತ್ತನೆಯ ಶತಮಾನದ ನಮೂನೆ ಒಪ್ಪಿಕೊಳ್ಳಲಿಲ್ಲ. ಈ ಎರಡು ಸಂದರ್ಭಗಳನ್ನು ಸಮೀಕರಿಸುವುದು ಸಲ್ಲದು. ಅರಮನೆಯ ವಲ್ಲಭೆಯ ಸ್ಥಾನ ಬೇರೆ, ದಲಿತ ಕೇರಿಯ ಜೋಗತಿಯ ಸ್ಥಾನ ಬೇರೆ. ಆದರೂ ತಾಯಿಯ ಹೆಸರಿನಿಂದ ವ್ಯಕ್ತಿಯನ್ನು ದಾಖಲಿಸುವುದು ಈ ನೆಲಕ್ಕೆ ಅಪರಿಚಿತವಲ್ಲವೆಂಬುದು ಇದರಿಂದ ತಿಳಿಯುತ್ತದೆ.

೨೦೨೫ರಲ್ಲಿ ರಾಜ್ಯ ವಿಧಾನಮಂಡಲವು ದೇವದಾಸಿ ಪದ್ಧತಿಯ ತಡೆ, ನಿಷೇಧ, ಪರಿಹಾರ ಮತ್ತು ಪುನರ್ವಸತಿಯನ್ನು ಕುರಿತ ಹೊಸ ವಿಧೇಯಕವನ್ನು ಅಂಗೀಕರಿಸಿತು. ಹಳೆಯ ಕಾಯಿದೆ ಅರ್ಪಣೆಯನ್ನು ನಿಷೇಧಿಸುವುದರ ಮೇಲೆ ಒತ್ತು ಹಾಕಿದ್ದರೆ, ಹೊಸದು ಮಕ್ಕಳ ಹಕ್ಕುಗಳನ್ನೂ ತಂದೆಯ ಹೆಸರಿನ ಕಡ್ಡಾಯದಿಂದ ಅವರಿಗೆ ಬಿಡುಗಡೆಯನ್ನೂ ಮುಖ್ಯವಾಗಿ ಪರಿಗಣಿಸಿದೆ. ೧೯೮೨ರಿಂದ ೨೦೨೫ರವರೆಗಿನ ಈ ದಾರಿಯನ್ನು ಪಠ್ಯದ ಮಟ್ಟದಲ್ಲಿ ಹೋಲಿಸಿ ಓದುವುದು ಕನ್ನಡ ಮತ್ತು ಸಮಾಜಶಾಸ್ತ್ರ ವಿಭಾಗಗಳ ವಿದ್ಯಾರ್ಥಿಗಳು ಕೂಡಿ ಮಾಡಬಹುದಾದ ಕೆಲಸ.

೯. ಘಟಪ್ರಭೆಯ ಪಾಠ

ಗೋಕಾಕ ತಾಲೂಕಿನ ಘಟಪ್ರಭೆಯಲ್ಲಿ ಕೇಂದ್ರವನ್ನು ಹೊಂದಿರುವ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ, ಅಂದರೆ ‘ಮಾಸ್’, ೧೯೯೭ರಲ್ಲಿ ರೂಪುಗೊಂಡಿತು. ಮಹಿಳಾ ಅಭಿವೃದ್ಧಿ ನಿಗಮ ಹಾಗೂ ಮೈರಾಡ ಸಂಸ್ಥೆಯ ಪುನರ್ವಸತಿ ಕಾರ್ಯದ ಮುಂದುವರಿಕೆಯಾಗಿ ಹುಟ್ಟಿದ ಈ ಸಂಸ್ಥೆಯ ವೈಶಿಷ್ಟ್ಯವೆಂದರೆ ಅದನ್ನು ಕಟ್ಟಿ ನಡೆಸಿದವರು ಆ ಬದುಕನ್ನು ಬಾಳಿ ಬಿಟ್ಟ ಮಹಿಳೆಯರೇ. ಅದನ್ನು ಮುನ್ನಡೆಸಿದ ಸೀತವ್ವ ಜೋಡಟ್ಟಿಯವರಿಗೆ ೨೦೧೮ರಲ್ಲಿ ಪದ್ಮಶ್ರೀ ಗೌರವ ಸಂದಿತು.

ಸಂಶೋಧನಾ ವಿಧಾನದ ದೃಷ್ಟಿಯಿಂದ ಇಲ್ಲಿ ಕಲಿಯಬೇಕಾದುದು ಒಂದಿದೆ. ಹೊರಗಿನಿಂದ ಬಂದ ಸಮೀಕ್ಷಕನಿಗೆ ಸಿಗದ ಉತ್ತರ ಒಳಗಿನವಳಿಗೆ ಸಿಗುತ್ತದೆ. ಯಾವ ಹುಣ್ಣಿಮೆಗೆ ಯಾವ ಮನೆಯವರು ಗುಡ್ಡಕ್ಕೆ ಹೋಗುತ್ತಾರೆ, ಯಾವ ಮಗುವಿನ ಕಾಯಿಲೆಗೆ ಹರಕೆ ಹೊತ್ತಿದ್ದಾರೆ, ಮುತ್ತು ಕಟ್ಟುವ ಶಾಸ್ತ್ರ ಗುಡಿಯ ಮುಂದೆ ನಿಂತಮೇಲೆ ಮನೆಯೊಳಗೆ ಹೇಗೆ ನಡೆಯುತ್ತದೆ ಎಂಬುದನ್ನು ಪ್ರಶ್ನಾವಳಿ ತಿಳಿಯಲಾರದು. ಅದೇ ಕೇರಿಯ ಹಿರಿಯ ಹೆಂಗಸು ತಿಳಿಯಬಲ್ಲಳು. ಸಾಮಾಜಿಕ ನೀತಿಯ ಪಠ್ಯಗಳು ಫಲಾನುಭವಿ ಎಂದು ಕರೆಯುವ ವ್ಯಕ್ತಿ ಇಲ್ಲಿ ಜ್ಞಾನದ ಮೂಲವೂ ಆಗಿದ್ದಾಳೆ.

ಇದೇ ಸೀಮೆಯ ಇನ್ನೊಂದು ನಿದರ್ಶನವನ್ನು ಪಕ್ಕದಲ್ಲಿಟ್ಟು ನೋಡಬಹುದು. ೧೯೬೯ರಲ್ಲಿ ಆರಂಭವಾದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ದೇಶದಲ್ಲಿ ಪ್ರಯೋಗಾರ್ಥವಾಗಿ ಸ್ಥಾಪನೆಯಾದ ಮೊದಲ ಕೆಲವು ವಿದ್ಯುತ್ ಸಹಕಾರ ಸಂಘಗಳಲ್ಲಿ ಒಂದು. ಅಲ್ಲಿ ಬಳಕೆದಾರರೇ ಸದಸ್ಯರು. ಘಟಪ್ರಭೆಯ ಸಂಸ್ಥೆ, ಹುಕ್ಕೇರಿಯ ಸಂಘ ಇವುಗಳ ಉದ್ದೇಶ, ಸಾಮಾಜಿಕ ನೆಲೆ ಸಂಪೂರ್ಣ ಭಿನ್ನ. ಆದರೂ ಯೋಜನೆಯನ್ನು ಸ್ವೀಕರಿಸುವವರು ಅದನ್ನು ನಡೆಸುವವರೂ ಆಗಬಹುದೆಂಬ ಅಂಶ ಎರಡರಲ್ಲಿಯೂ ಇದೆ.

೧೦. ಕನ್ನಡ ವಿಭಾಗದ ಹೊಣೆ

ಗೋಕಾಕ, ಹುಕ್ಕೇರಿ ಸೀಮೆ ಕನ್ನಡ ಸಾಹಿತ್ಯ ಹಾಗೂ ಜಾನಪದಕ್ಕೆ ಕೊಟ್ಟ ಕೊಡುಗೆ ದೊಡ್ಡದು. ಶ್ರೀಕೃಷ್ಣ ಪಾರಿಜಾತದ ಕುಲಗೋಡ ತಮ್ಮಣ್ಣ, ಅದನ್ನು ಬೆಳಗಿದ ಕೌಜಲಗಿ ನಿಂಗಮ್ಮ, ಬೆಟಗೇರಿ ಕೃಷ್ಣಶರ್ಮ, ಬಸವರಾಜ ಕಟ್ಟೀಮನಿ, ಹುಕ್ಕೇರಿ ತಾಲೂಕಿನ ಘೋಡಗೇರಿಯ ಚಂದ್ರಶೇಖರ ಕಂಬಾರ ಇವರೆಲ್ಲ ಈ ನೆಲದವರು. ಯಲ್ಲಮ್ಮನ ಹಾಡುಗಳನ್ನೂ ಚೌಡಿಕೆ ಪದಗಳನ್ನೂ ನಮ್ಮ ವಿಭಾಗಗಳು ದಶಕಗಳಿಂದ ಸಂಗ್ರಹಿಸುತ್ತ ಬಂದಿವೆ.

ಆದರೆ ಚೌಡಿಕೆ ಹಿಡಿದು ಹಾಡಿದ ಹೆಂಗಸು ನಮ್ಮ ಸಂಗ್ರಹದಲ್ಲಿ ‘ವಕ್ತೃ’ ಅಥವಾ ‘ಕಲಾವಿದೆ’. ಅವಳೇ ನಿಗಮದ ಕಡತದಲ್ಲಿ ‘ಮಾಜಿ ದೇವದಾಸಿ’, ಆರೋಗ್ಯ ಯೋಜನೆಯ ಕಡತದಲ್ಲಿ ‘ಲೈಂಗಿಕ ಕಾರ್ಯಕರ್ತೆ’, ತಹಶೀಲ್ದಾರರ ಕಚೇರಿಯಲ್ಲಿ ಪರಿಶಿಷ್ಟ ಜಾತಿಯ ‘ಅರ್ಜಿದಾರಳು’. ನಾಲ್ಕು ಕಡತಗಳಲ್ಲಿ ನಾಲ್ವರು, ಬದುಕಿನಲ್ಲಿ ಒಬ್ಬಳೇ. ಅವಳ ಹಾಡನ್ನು ಬರೆದುಕೊಂಡ ನಾವು ಅವಳ ಹೆಸರು ಪಟ್ಟಿಯಲ್ಲಿ ಇದೆಯೇ ಎಂದು ಕೇಳಲಿಲ್ಲ. ಹೆಸರು ಬರೆದುಕೊಂಡ ಸಮೀಕ್ಷಕ ಅವಳ ಹಾಡನ್ನು ಕೇಳಲಿಲ್ಲ. ಹರಕೆ, ಬಡತನ, ಗಂಡುಸಂತಾನವಿಲ್ಲದ ಮನೆಯ ಚಿಂತೆ, ತವರಿನ ಹೊಣೆ ಇವೆಲ್ಲ ಆ ಹಾಡು ಮತ್ತು ಕಥನಗಳ ವಸ್ತುಗಳು. ಅರ್ಪಣೆಯ ಕಾರಣಗಳನ್ನು ಹುಡುಕುವ ನೀತಿಸಂಶೋಧಕನಿಗೆ ಅವು ಮೂಲಸಾಮಗ್ರಿ.

ಈ ಹಿನ್ನೆಲೆಯಲ್ಲಿ ಪಠ್ಯಕ್ರಮಕ್ಕೆ ಕೆಲವು ಸೂಚನೆಗಳನ್ನು ಮುಂದಿಡಬಹುದು. ಮೊದಲನೆಯದು, ಕ್ಷೇತ್ರಕಾರ್ಯಕ್ಕೆ ಮುನ್ನ ಕಾಯಿದೆ, ಸರ್ಕಾರಿ ಆದೇಶ, ಅರ್ಜಿ ನಮೂನೆಗಳನ್ನು ಸಾಹಿತ್ಯ ಕೃತಿಯನ್ನು ಓದುವಷ್ಟೇ ನಿಕಟವಾಗಿ ಓದುವ ಅಭ್ಯಾಸ. ಎರಡನೆಯದು, ಪ್ರದೇಶದ ಆಡುಮಾತಿನ ಪದಗಳ ಕೋಶವೊಂದನ್ನು ಸಿದ್ಧಪಡಿಸಿ, ಪ್ರಶ್ನಾವಳಿಯನ್ನು ಆ ಮಾತಿನಲ್ಲಿಯೇ ರೂಪಿಸುವುದು. ಮೂರನೆಯದು, ಸಮೀಕ್ಷೆಯ ಅಂಕಿಗಳ ಜೊತೆಗೆ ಆ ಅಂಕಿ ಹುಟ್ಟಿದ ಬಗೆಯನ್ನೂ ದಾಖಲಿಸುವುದು. ನಾಲ್ಕನೆಯದು, ಮಾಹಿತಿ ಕೊಟ್ಟವರ ಒಪ್ಪಿಗೆ ಮತ್ತು ಗೌಪ್ಯತೆ. ಹಾಡುಗಾರ್ತಿಯ ಹೆಸರು, ಊರು, ವಯಸ್ಸನ್ನು ನಮೂದಿಸುವುದು ಜಾನಪದ ಸಂಗ್ರಹದಲ್ಲಿ ಸತ್ಸಂಪ್ರದಾಯ. ಅದೇ ವಿವರಗಳು ಈ ಸಂದರ್ಭದಲ್ಲಿ ಅವಳ ಮಗಳ ಮದುವೆಯನ್ನು ಕೆಡಿಸಬಲ್ಲವು. ಎಲ್ಲಿ ಹೆಸರು ಹೇಳಬೇಕು, ಎಲ್ಲಿ ಮುಚ್ಚಬೇಕು ಎಂಬುದನ್ನು ಅವಳೊಡನೆ ಕೂತು ನಿರ್ಧರಿಸಬೇಕೇ ಹೊರತು ವಿಭಾಗದ ಕೋಣೆಯಲ್ಲಲ್ಲ.

ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ೨೦೧೦ರಲ್ಲಿ ಬೆಳಗಾವಿಯಲ್ಲಿ ಸ್ಥಾಪನೆಯಾದ ಮೇಲೆ ಈ ಸೀಮೆಯ ಮಕ್ಕಳಿಗೆ ಉನ್ನತ ವ್ಯಾಸಂಗ ಇನ್ನಷ್ಟು ಹತ್ತಿರವಾಗಿದೆ. ನಮ್ಮ ತರಗತಿಗಳಲ್ಲಿ ದೇವದಾಸಿ ಪದ್ಧತಿಯನ್ನು ‘ಅನಿಷ್ಟ ಸಂಪ್ರದಾಯ’ ಎಂಬ ಶೀರ್ಷಿಕೆಯಡಿ ಬೋಧಿಸುವಾಗ, ಆ ಮನೆಯಿಂದಲೇ ಬಂದ ವಿದ್ಯಾರ್ಥಿನಿ ಮೂರನೆಯ ಸಾಲಿನಲ್ಲಿ ಕುಳಿತಿರಬಹುದು. ಅವಳ ತಾಯಿಯನ್ನು ಸಮಸ್ಯೆಯೆಂದು ವರ್ಣಿಸುವ ಪಾಠಕ್ಕೂ, ತಾಯಿಗೆ ಆದ ಅನ್ಯಾಯವನ್ನು ವಿವರಿಸುವ ಪಾಠಕ್ಕೂ ಅಂತರವಿದೆ. ಬೋಧಕರ ಪದದ ಆಯ್ಕೆಯೇ ಆ ಅಂತರ.

೧೧. ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ದೇವದಾಸಿ ಎಂಬ ಆಡಳಿತದ ಪದ ಭಿನ್ನ ಪ್ರಾದೇಶಿಕ ಪದ್ಧತಿಗಳನ್ನು ಒಂದುಗೂಡಿಸಿದೆ. ಅದರಿಂದ ಕಾನೂನಿಗೆ ಅನುಕೂಲವಾಗಿದ್ದರೂ ಸಂಶೋಧನೆ ಮತ್ತೆ ಜೋಗತಿ, ಬಸವಿ ಮೊದಲಾದ ನೆಲದ ಪದಗಳಿಗೆ ಮರಳಬೇಕಾಗುತ್ತದೆ. ೧೯೯೩-೯೪ ಮತ್ತು ೨೦೦೭-೦೮ರ ಸಮೀಕ್ಷೆಗಳ ಸಂಖ್ಯೆಗಳು ಪದ್ಧತಿಯ ಏರಿಳಿತವನ್ನು ನೇರವಾಗಿ ತೋರಿಸುವುದಿಲ್ಲ. ಯಾರು ಯಾವ ಪರಿಸ್ಥಿತಿಯಲ್ಲಿ ಹೆಸರು ಬರೆಯಿಸಲು ಸಾಧ್ಯವಾಯಿತೆಂಬುದನ್ನು ತೋರಿಸುತ್ತವೆ. ಮೂಡಲಗಿಯಂತಹ ಹೊಸ ತಾಲೂಕಿನ ಅಧ್ಯಯನ ಗ್ರಾಮಮಟ್ಟದಿಂದಲೇ ಆರಂಭವಾಗಬೇಕು. ಗಡಿ ದಾಟುವ ಬದುಕನ್ನು ಒಂದು ರಾಜ್ಯದ ಪಟ್ಟಿ ಹಿಡಿಯಲಾರದು.

ಪಟ್ಟಿಯಿಂದ ಹೊರಗುಳಿದ ಮಹಿಳೆಗೆ ಇದು ವಿಧಾನಶಾಸ್ತ್ರದ ಚರ್ಚೆಯಲ್ಲ, ತಿಂಗಳ ಮಾಸಾಶನದ ಪ್ರಶ್ನೆ. ಮುಂದೆ ಸಮೀಕ್ಷೆ ನಡೆದಾಗಲೆಲ್ಲ ಅದರ ನಮೂನೆಯ ಕನ್ನಡವನ್ನು ಯಾರು ಬರೆಯುತ್ತಾರೆ, ಆ ಕನ್ನಡ ಗೋಕಾಕ, ಮೂಡಲಗಿ, ಹುಕ್ಕೇರಿಯ ಕೇರಿಗಳಲ್ಲಿ ತಿಳಿಯುತ್ತದೆಯೇ ಎಂಬುದನ್ನು ಮೊದಲೇ ಪರೀಕ್ಷಿಸಬೇಕು. ಆ ಪರೀಕ್ಷೆಯನ್ನು ಮಾಡಬಲ್ಲ ವಿದ್ವತ್ತು ಕನ್ನಡ ವಿಭಾಗಗಳಲ್ಲಿದೆ. ಅದನ್ನು ನೀತಿ ರೂಪಿಸುವವರ ಕೈಗೆ ತಲುಪಿಸುವ ಕಾರ್ಯ ಇನ್ನು ಮುಂದೆ ನಡೆಯಬೇಕಾಗಿದೆ.